ಧಾರೆಯ ನೀರು

ಆ ವರ್ಷ ಮುದಗಲ್ಲ ಕೋಟೆ ಯಾರದಿತ್ತೋ, ನೆನಪಿಲ್ಲ.
ದೀಪಾವಳಿಗೆ ತೆಂಕಣ ಹೊಳೆಯವರದು,
ಯುಗಾದಿಗೆ ಬಡಗಣ ಹೊಳೆಯವರದು.
ಬಾವಿ ಮಾತ್ರ ಇಬ್ಬರಿಗೂ ಉಪ್ಪು.

ಅದಕ್ಕ ಇಬ್ಬರ ಆಳೂ ಬರತಿದ್ದರು ನಮ್ಮ ಮನೀಗೆ.
ನೆಲಕ್ಕ ಕಿವಿ ಹಚ್ಚಿದರ ಸಾಕು,
ಎಷ್ಟು ಆಳು ಕೆಳಗ, ಸಿಹಿಯೋ ಸವುಳೋ,
ಯಾವ ಕಡೆ ಮಾರಿ ಮಾಡಿ ಮಲಗೇದ ನೀರು,
ನಮ್ಮ ಹೆಣ್ಣುಮಕ್ಕಳಿಗೆ ಕೇಳತದ.
ಮದುವಿ ಆಗೂತನಕ.

ಧಾರಿ ಎರೆದಾಗ ಗಿಂಡಿ ನೀರಿನ ಜೋಡಿ
ಆ ವಿದ್ಯೆಯೂ ಇಳಿತದ ಗಂಡನ ಬೊಗಸಿಗೆ.
ಅದು ಕಟ್ಟಳೆ. ಯಾರು ಮಾಡಿದ್ದು ಅಂತ ಕೇಳಬಾರದು,
ಕೇಳಿದ ಚಿಗವ್ವನ ಹೆಸರು ಮನ್ಯಾಗ ತೆಗೆಯೂದಿಲ್ಲ.

ಅಪ್ಪನಿಗೆ ಹಂಗ ಬಂದದ್ದು.
ಕಿಲ್ಲೇದಾರ ಕೊಟ್ಟ ಬೆಳ್ಳಿ ಕಡಗ ಮುಂಗೈಯಾಗ.
ಅವ್ವ ರಾತ್ರಿ ಎದ್ದು
ಹಂಡೆಗೆ ಕಿವಿ ಹಚ್ಚತಿದ್ದಳು, ಕೊಡಕ್ಕ, ಹೂಜಿಗೆ,
ಒಮ್ಮೆ ಗಬ್ಬದ ಎಮ್ಮಿ ಹೊಟ್ಟಿಗೆ.
ಬೆಳಿಗ್ಗೆ ನೋಡಿದರ ಕಿವಿ ಮ್ಯಾಲೆ ಮಸಿ.

ಚೌಡೋಜ ಕಲ್ಲಿನವ.
ಅಗಳ್ತದ ಪಾವಟಿಗಿ ಕುಸಿದಿದ್ದವು, ಕಟ್ಟಲಿಕ್ಕೆ ಬಂದಿದ್ದ.
ನಾ ಬಿಸಿಲಾಗ ಬೋರಲು ಬಿದ್ದಿದ್ದೆ.
ಎಲ್ಲರೂ ಕೇಳೂದು ಒಂದೇ: "ನೀರು ಎಲ್ಲದ?"
ಅವ ಕೇಳಿದ: "ಏನಂತದ?"
"ನಿನ್ನ ಉಳಿ ನಿಲ್ಲಿಸು ಅಂತದ."

ನಿಲ್ಲಿಸಿದ.
ಇಪ್ಪತ್ತೆರಡು ವರ್ಷದಾಗ ನನ್ನ ಮಾತಿಗೆ
ಒಂದು ನೊಣ ಕೂಡ ನಿಂತದ್ದಿಲ್ಲ.
ಅವನ ಬೆವರಿನಾಗೂ ಅವತ್ತು ನೀರು ಕೇಳಿಸಿತು ನನಗ,
ಸಣ್ಣ ಹಳ್ಳ, ಮರಳಾಗ ದಾರಿ ಹುಡುಕುವಂಥದು.
ಇದನ್ನ ಅವ್ವಗ ಹೇಳಲಿಲ್ಲ.

ಮದುವಿ ದಿನ ಕಿಲ್ಲೇದಾರನ ಮಂದಿ ಮುಂದಿನ ಸಾಲಿನ್ಯಾಗ.
ಮರುದಿನವೇ ಬೇಕಿತ್ತು ಹೊಸ ಅಳಿಯ,
ದಂಡಿಗೆ ಬಾವಿ ತೋರಲಿಕ್ಕೆ.
ಅಪ್ಪ ಗಿಂಡಿ ಬಗ್ಗಿಸಿದ.
ಚೌಡೋಜ ಅಂಗೈ ಮಗುಚಿದ.

ಮುಂಗೈ ಮ್ಯಾಲೆ ಬಿದ್ದ ನೀರು ಜಾರಿತು.
ಜೋಯಿಸ ಕೆಮ್ಮಿದ. ಮತ್ತೊಮ್ಮೆ ಅಂದ.
ಮತ್ತ ಮಗುಚಿದ.
ಕಲ್ಲು ಹೊತ್ತ ಕೈ, ಮೂವರು ಹಿಡಿದರೂ ತಿರುಗಲಿಲ್ಲ.
"ನನಗ ಉಳಿ ಸಾಕು," ಅಂದ,
"ಆಕಿ ಕಿವಿ ಆಕೀದು."

ನೀರು ಹೊರಟಿತ್ತು ಅಷ್ಟೊತ್ತಿಗೆ.
ಅಕ್ಕಿಕಾಳು ತೋಯಿಸಿ, ಬೀಗರ ಹೆಬ್ಬೆರಳು ಸುತ್ತಿ,
ಏರು ನೆಲ ಹತ್ತಿ (ಹೌದು, ಹತ್ತಿ)
ಬಾಗಿಲ ಹಿಂದ ನಿಂತ ಅವ್ವನ
ಕಾಲುಂಗುರದ ಹತ್ತಿರ ಬಂದು ನಿಂತಿತು.

ಅವ್ವ ನೆರಿಗಿ ಎತ್ತಿ ಹಿಂದ ಸರಿದಳು ಮೊದಲು.
ಇಪ್ಪತ್ತೈದು ವರ್ಷ; ಗುರುತು ಸಿಕ್ಕಿರಲಿಕ್ಕಿಲ್ಲ.
ಆಮ್ಯಾಲೆ ಎಲ್ಲರೆದುರು, ಹೊಸ ಇಳಕಲ್ಲ ಸೀರಿ ಸಮೇತ
ಹೊಸ್ತಿಲ ಮ್ಯಾಲೆ ಅಡ್ಡ ಮಲಗಿ ಕಿವಿ ಹಚ್ಚಿದಳು.
ಬಾಜಾದವರು ಬಾರಿಸೂದು ಬಿಟ್ಟರು.
ಏನು ಕೇಳಿಸಿತೋ.
ನಕ್ಕಳು, ಒಬ್ಬಳೇ, ದವಡೆ ಹಲ್ಲು ಕಾಣೂವಂಗ.

ಅವ ತಾಳಿ ಕಟ್ಟಿದ.
ನಾನೂ ಕಟ್ಟಿದೆ, ಅವನ ಉಳಿಗೊಂದು ಅರಿಷಿಣದ ದಾರ.
ಹಂಗಂತ ಜಗಳ ತಪ್ಪಿಲ್ಲ:
ನಸುಕಿನ್ಯಾಗ ಎದ್ದು ಕಲ್ಲು ಬಡಿತಾನ,
ನನ್ನ ನಿದ್ದಿ, ನೀರಿನ ನಿದ್ದಿ ಎರಡೂ ಕೆಡತಾವ.

ಅಪ್ಪ ಮಾತ್ರ ಕಡಗ ತೆಗೆಯಲಿಲ್ಲ.
ಕಿಲ್ಲೇದಾರ ಕೇಳಿದಾಗಲೆಲ್ಲ
ನೆಲಕ್ಕ ಕಿವಿ ಹಚ್ಚಿ, ಕಣ್ಣು ಮುಚ್ಚಿ,
"ಇಲ್ಲಿ" ಅಂತಾನ.
ದಂಡು ತೋಡತದ.
ಬಡಗಣ ದಿಡ್ಡಿಯಾಚೆ ಈಗ ಹನ್ನೊಂದು ಒಣ ಕುಣಿ,
ಹುಡುಗರು ಬಚ್ಚಿಟ್ಟುಕೊಂಡು ಆಡತಾವ.

ಸಂಜಿಗೆ ಅವ್ವ ಅದರ ಅಂಚಿಗೆ ಕುಂತು
ತಲೆ ಒಂದು ಕಡೆ ವಾಲಿಸಿ
ಬೇರೆಲ್ಲೋ ಹರಿಯೂದನ್ನ ಕೇಳತಿರತಾಳ.
ಎಲ್ಲಿ ಅಂತ ನನಗ ಗೊತ್ತು.
ನಾವಿಬ್ಬರೂ ಹೇಳೂದಿಲ್ಲ.