ಎರಡಳಿಸಿ ಒಂದು

ಫೈಕಸ್ ರಿಲಿಜಿಯೋಸಸ್ ಎಂದು ಬರೆದಿದ್ದೆ,
ಲಾಲ್‌ಬಾಗಿನ ಹಸಿರು ತಗಡಿಗೆ ಬಿಳಿ ಎನಾಮಲ್.
ಉಸ್ ಆದಮೇಲೆ ಉಸ್, ಕಿವಿಗೆ ಸರಿಯೆನಿಸಿತ್ತು.

ಸಿದ್ದಾಪುರ ಗೇಟಿನಿಂದ ವಾಕಿಂಗ್ ಬರುವ ಫಾದರ್ ಅಂತಪ್ಪ
ಕೊಡೆಯ ತುದಿಯಲ್ಲಿ ಕೊನೆಯಕ್ಷರ ಮುಟ್ಟಿದರು.
"ದಸ್ತಗೀರ್, ಇದು ರಿಲಿಜಿಯೋಸಾ ಆಗಬೇಕಪ್ಪಾ.
ಹೆಸರು ಗಂಡಸಿನ ಅಂಗಿ ತೊಟ್ಟರೂ
ಲ್ಯಾಟಿನ್ನಿನಲ್ಲಿ ಮರ ಹೆಂಗಸು.
ಗುಟ್ಟು ಬಿಡುವುದು ವಿಶೇಷಣ."

ಥಿನ್ನರ್ ಬಟ್ಟೆ ಹುಡುಕಿದೆ.
ಮನೆಯಲ್ಲಿ ಅಮ್ಮಿ
ಅಣ್ಣನಿಗೆ ಅಚ್ಛಾ, ತಂಗಿಗೆ ಅಚ್ಛೀ ಅನ್ನುತ್ತಿದ್ದಳು.
ಬೀದಿಯಲ್ಲಿ ಕಲಿತ ಕನ್ನಡದ 'ಒಳ್ಳೆಯ'
ಒಳ್ಳೆಯ ಹುಡುಗಿ, ಒಳ್ಳೆಯ ಹುಡುಗ, ಒಳ್ಳೆಯ ಬ್ರಶ್ಶು,
ಯಾರ ಮುಂದೂ ಬಾಲ ಬದಲಿಸದು.

ಅರ್ಥವೇನು ಫಾದರ್?
ಭಕ್ತಿಯುಳ್ಳವಳು.
ಎಲ್ಲಿಂದ ಬಂತು?
ಅಲ್ಲೇ ಜಗಳ, ನಕ್ಕರು.
ಮತ್ತೆ ಕಟ್ಟುವುದರಿಂದ ಅಂತಾರೆ ಕೆಲವರು,
ಮತ್ತೆ ಓದುವುದರಿಂದ ಅಂತ ಉಳಿದವರು.
ಎರಡು ಸಾವಿರ ವರ್ಷ ಆಯ್ತು, ಮುಗಿದಿಲ್ಲ.

ಅಷ್ಟರಲ್ಲಿ ಒಬ್ಬಾಕೆ ಅರಿಶಿನ ದಾರದುಂಡೆ ಹಿಡಿದು
ಬೊಡ್ಡೆ ಸುತ್ತತೊಡಗಿದಳು.
ಏಳೋ ಎಂಟೋ, ಲೆಕ್ಕ ತಪ್ಪಿತು,
ಮತ್ತೆ ಒಂದರಿಂದ ಶುರು.

ಎರಡಕ್ಷರ ಅಳಿಸಿ ಒಂದು ಬರೆದೆ.
ಏಣಿ ಸರಿಸುತ್ತಾ
"ಅಮ್ಮಾ, ಬಣ್ಣ ಹಸಿ" ಅಂದೆ.
ತಿರುಗಿ ನೋಡಲಿಲ್ಲ ಆಕೆ,
ಮರವೂ.