ಆರ್ನೂರ್ ಇದ್ದಿತ್

ಗಾನಿಮ್ ಅಂದರೆ ಕೊಳ್ಳೆ ಹೊಡೆದು ಗೆದ್ದವನು.
ಅದನ್ನು ಅವನಿಗೆ ನಾನು ಹೇಳಬೇಕಾಗಿರಲಿಲ್ಲ,
ಅವನದೇ ಭಾಷೆ.
ಮುಹರ್ರಕ್ಕಿನ ಆ ಕೋಣೆಯಲ್ಲಿ
ಎ.ಸಿ. ಹದಿನಾರಕ್ಕಿಟ್ಟೂ ಬೆವರುತ್ತಿದ್ದ.
ಒಣನಿಂಬೆ ಚಹಾ ಆರಿ ಹೋದರೂ ಮುಟ್ಟದೆ
ಸ್ಟೇಪ್ಲರ್ ಬಿಚ್ಚುವುದು, ಮುಚ್ಚುವುದು.
ನನ್ನ ಹೆಸರು ಅವನ ಬಾಯಲ್ಲಿ ಬಂದದ್ದೇ ಇಲ್ಲ.
ತರ್ಜುಮಾನ್, ಅನ್ನುತ್ತಿದ್ದ,
ನಮ್ಮ ತರ್ಜುಮೆಗೇ ಅಂಗಿ ಪ್ಯಾಂಟು ತೊಡಿಸಿದಂತೆ.

ಕೋರ್ಟಿನೆದುರು ಟೈಪಿಂಗ್ ಅಂಗಡಿಯಲ್ಲಿ ಕೂತವನನ್ನು
ಕರೆದು ಈ ಕುರ್ಚಿ ಕೊಟ್ಟವನು ಅವನೇ.
ಮಗಳಿಗೆ ಫಿಟ್ಸ್ ಬಂದ ರಾತ್ರಿ
ಸೈರನ್ ಹಾಕಿ ಆಸ್ಪತ್ರೆಗೆ ಓಡಿಸಿದವನೂ.
ಆವತ್ತು ಸ್ಟಿಯರಿಂಗ್ ಹಿಡಿದ ಕೈ ನಡುಗಲಿಲ್ಲ.
ಯಾಕೆ ನಡುಗಲಿಲ್ಲ ಎಂದು ಆಮೇಲೆ ತಿಳಿಯಿತು.

ಮುಟ್ಟುಗೋಲಿನ ಮಾತ್ರೆ ಎಣಿಸುವಾಗ
ಬಾಗಿಲಿಗೆ ಚಿಲಕ.
ಕೆಂಪು ಬಟ್ಟೆ ಹಾಸಿ, ಬೆರಳ ತುದಿಯಲ್ಲಿ ಐದೈದು ಸರಿಸಿ.
ಅವನಜ್ಜ ಮುತ್ತಿಗೆ ಮುಳುಗುತ್ತಿದ್ದನಂತೆ,
ಮೂಗಿಗೆ ಚಿಮಟ, ಕಾಲಿಗೆ ಕಲ್ಲು,
ಮೇಲೆ ಬಂದರೆ ಕಿವಿಯಲ್ಲಿ ನೆತ್ತರು.
"ಒಂದೇ ಒಂದು ಮುತ್ತು ನಾಲಿಗೆ ಅಡಿ ಬಚ್ಚಿಟ್ಟರೂ
ನಾಖುದಾ ಹಲ್ಲು ಉದುರಿಸುತ್ತಿದ್ದ" ಅಂದು ನಕ್ಕ ಒಮ್ಮೆ.
ನಗುವಾಗ ಅವನ ನಾಲಿಗೆ ಅಡಿ
ಏನೋ ಬೆಳ್ಳಗೆ ಕರಗುತ್ತಿತ್ತು.

ಗಂಗೊಳ್ಳಿಯ ಹುಡುಗ ಸಿಕ್ಕಿಬಿದ್ದದ್ದು
ರಂಜಾನ್ ಕಳೆದ ವಾರ.
ಶೈಲೇಶ ಖಾರ್ವಿ, ಮೀನಿನ ಲಾಂಚಿನಲ್ಲಿ ಅಡುಗೆ.
ಅಕ್ಕಿ ಡಬ್ಬದ ತಳದಲ್ಲಿ ಮಾತ್ರೆ.
ಪಟ್ಟಿಯಲ್ಲಿ ಬರೆದದ್ದು ನಾನೂರ ಹತ್ತು.
ಒಪ್ಪುತ್ತಾನಾ ಕೇಳು, ಅಂದ ಗಾನಿಮ್.
ಕೇಳಿದೆ. ಹುಡುಗನಿಗೆ ಸಿಟ್ಟೇ ಬಂತು.
"ನಾನೂರ್ ಹತ್ತಾ? ಆರ್ನೂರ್ ಇದ್ದಿತ್ ಕಾಣಿ.
ನಾನೇ ಎಣ್ಸಿ ತುಂಬ್ಸಿದ್ದ್.
ಕಳ್ಳ ಅಂದ್ರೆ ಅನ್ನಿ, ಲೆಕ್ಕ ಬಾರದವ ಅನ್ಬೇಡಿ."

ಆ ಗೋಡೆಗಳು ಕಾಣಿ ಎಂಬ ಮಾತು ಕೇಳಿದ್ದು
ಅದೇ ಮೊದಲು.

ನಿಜ ಹೇಳಿದರೆ ಗಾನಿಮ್ ಮುಳುಗುತ್ತಾನೆ,
ಹುಡುಗನ ಶಿಕ್ಷೆಯೂ ಬೆಳೆಯುತ್ತದೆ.
ಸುಳ್ಳಾಡಿದರೆ ಮೂವರಿಗೂ ಒಳ್ಳೆಯದು.
ಇಷ್ಟು ಸಲೀಸಾದ ಸುಳ್ಳು ನನಗೆಂದೂ ಸಿಕ್ಕಿರಲಿಲ್ಲ,
ಅದಕ್ಕೇ ಹೆದರಿದೆ.
"ಒಪ್ಪಿದ್ದಾನೆ. ನಾನೂರ ಹತ್ತು."
ಸ್ಟೇಪ್ಲರ್ ಟಕ್ಕೆಂದಿತು.

ಲಕೋಟೆ ಗಿಕೋಟೆ ಏನೂ ಇಲ್ಲ.
ಮರುದಿನ ಮೇಜಿನ ಮೇಲೆ ಒಂದು ಕಿಲೋ ಖರ್ಜೂರ.
ತಿಂದೆವು. ಬೀಜಗಳನ್ನು ಮಗಳು
ಐದೈದಾಗಿ ಜೋಡಿಸಿ ಆಡಿದಳು.
ಬೇಡ ಅಂತ ಗದರಿದೆ. ಯಾಕೆ ಅಂತ ಹೆಂಡತಿ ಕೇಳಲಿಲ್ಲ.

ಹುಡುಗ ಜೈಲಿನಿಂದ ಅರ್ಜಿ ಬರೆಸಿದನಂತೆ,
ಲೆಕ್ಕ ತಪ್ಪಿದೆ, ಸರಿ ಮಾಡಿ ಎಂದು.

ಈಗ ಬೇರೆ ಕೋಣೆ. ಆಚೆ ಕುರ್ಚಿಯಲ್ಲಿ ಗಾನಿಮ್,
ಬೆಲ್ಟಿಲ್ಲ, ಬೂಟಿಗೆ ಲೇಸಿಲ್ಲ,
ಮೂರು ದಿನದಿಂದ ಮಾತ್ರೆಯೂ ಇಲ್ಲ, ಹಲ್ಲು ಕಟಕಟ.
ಅವನ ಮಾತಿಗೆ ತರ್ಜುಮಾನ್ ಬೇಕಿಲ್ಲ.
ನನ್ನನ್ನು ಕರೆಸಿದ್ದು ಟೇಪಿಗೆ.
ಕನ್ನಡಕದ ಅಧಿಕಾರಿ ಗುಂಡಿ ಒತ್ತಿದ.
*ಆರ್ನೂರ್ ಇದ್ದಿತ್ ಕಾಣಿ.*
ಏನಂದ?
ಈ ದ್ವೀಪದ ಹೋಟೆಲುಗಳಲ್ಲಿ
ಕುಂದಾಪ್ರದ ಮಾತು ಬಲ್ಲವರು ಎಷ್ಟೋ ಮಂದಿ.
ಈ ಕಟ್ಟಡದಲ್ಲಿ ನಾನೊಬ್ಬನೇ.

ಬಾಯಿ ತೆರೆದೆ, ಯಾವ ಅಂಕಿಗೆ ಎಂದು ತಿಳಿಯದೆ.
ಅಧಿಕಾರಿ ಕೈಯೆತ್ತಿ ತಡೆದ.
ಟೇಪನ್ನು ಹಿಂದಕ್ಕೋಡಿಸಿ ಮತ್ತೆ ಹಾಕಿದ,
ಹುಡುಗನ ಮಾತು ಮುಗಿದು
ನನ್ನದು ಶುರುವಾಗುವ ಮುಂಚಿನ ಜಾಗ.
ವಾಚು ನೋಡುತ್ತ ಎಣಿಸಿದ. ಹನ್ನೊಂದು ಸೆಕೆಂಡು.
ಎ.ಸಿ.ಯ ಗುಂಯ್. ಒಳಗೆಳೆದ ಒಂದು ಉಸಿರು,
ಬಿಡದೆ ಹಿಡಿದದ್ದು.

"ಇದನ್ನು ಹೇಳು. ಇಲ್ಲಿ ಏನಿದೆ?"

ಗಾನಿಮ್ ತಲೆಯೆತ್ತಿದ.
ಏಳು ವರ್ಷದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದ.
ಪ ಅವನ ಭಾಷೆಯಲ್ಲಿಲ್ಲ.
ಬಾಂಡುರಂಗ, ಅಂದ.