ಎಡಗಡೆಯವರಿಗೆ ಬಡಿಸಿ

ಅರಸೀಕೆರೆ ಸ್ಟೇಷನ್ನಿಗೆ ಬೆನ್ನು ಹಾಕಿ ಕೂತ
ಆ ಮಿಲ್ಟ್ರಿ ಹೋಟೆಲಿಗೆ ಒಂದೇ ಮೇಜು.
ಹದಿನಾರು ಮೊಳ, ಹೊನ್ನೆ ಮರದ್ದು.
ಮೊದಲು ಮೇಜು ಮಾಡಿಸಿ ಆಮೇಲೆ ಸುತ್ತ ಗೋಡೆ ಎಬ್ಬಿಸಿದರಂತೆ.
ಬಾಗಿಲಲ್ಲಿ ಅದು ಹೊರಗೆ ಬರುವುದಿಲ್ಲ,
ಅಳೆದು ನೋಡಿದವರಿದ್ದಾರೆ.

ಏನೇನಿದೆ ಎಂದು ಕೇಳಿದವರಿಗೆ
ಹೊಂಬಾಳಮ್ಮ ತಿರುಗಿ ಕೇಳುವಳು, "ಹಸಿವಿದೆಯಾ?"
ಇದ್ದರೆ ಕೂರಬೇಕು, ಎಲ್ಲಿ ಖಾಲಿಯೋ ಅಲ್ಲಿ.
ಕಾಲು ಸೂಪು, ಹುರುಳಿಕಟ್ಟಿನ ಸಾರು, ಮುದ್ದೆ,
ಬೋಟಿ ಗೊಜ್ಜು, ಸಂತೆಯ ದಿನ ಮಾತ್ರ ಕೈಮದ ಉಂಡೆ,
ಬಂದದ್ದು ಬಂದ ಹಾಗೆ.

ಒಂದೇ ಕಾನೂನು. ತನಗೆ ತಾನೇ ಬಡಿಸಿಕೊಳ್ಳಕೂಡದು.
ಬೋಗುಣಿ ಕೈಗೆ ಬಂದರೆ ಎಡಗಡೆಯವರಿಗೆ ಬಡಿಸಿ ದಾಟಿಸಬೇಕು,
ನಿನ್ನ ಪಾಲು ಬಲಗಡೆಯವರ ಸೌಟಿನಲ್ಲಿ.
ಯಾರ ಸೌಟು ಯಾರು ಮುಟ್ಟಬೇಕೆಂದು ಜಗಳ ಎದ್ದಾಗ
ಮಾವ ತಂದ ಕಟ್ಟಳೆ ಇದು, ಅಂದಳು ಒಂದು ಸಲ.
ಇನ್ನೊಂದು ಸಲ ಕೇಳಿದಾಗ,
"ಬಡಿಸೋ ಆಳಿನ ಸಂಬಳ ಉಳೀಲಿ ಅಂತ ಕಣೇ."

ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿ. ಎಪ್ಪತ್ತೆಂಟನೆಯ ಇಸವಿ.
ಕಿವಿಯ ಮೇಲೆ ಹೆಡ್‌ಫೋನಿನ ಗುರುತು ಹೊತ್ತು
ಮೊದಲ ಸಲ ಒಳಗೆ ಕಾಲಿಟ್ಟ ದಿನ
ಇಪ್ಪತ್ತು ಗಂಡಸರ ದವಡೆ ಒಟ್ಟಿಗೆ ನಿಂತವು.
ಕಡೂರಿನ ಕಾವಲಿಂದ ಟಗರು ಮಾರಲು ಬಂದ ಮೈಲಾರಪ್ಪ
ಕಂಬಳಿ ಎಳೆದುಕೊಂಡು, ತುಸು ಸರಿದು ಜಾಗ ಬಿಟ್ಟ.
ಕೈ ನೀರಿಗದ್ದಿ ಮುದ್ದೆ ಮುರಿದು, "ಇಷ್ಟು ಸಾಕೇನವ್ವ?"
ಸಾಕು ಅನ್ನಲಿಲ್ಲ. ತಲೆಯಾಡಿಸಿದೆ.
ಬಾಯಿ ತೆರೆದರೆ ಸಿಕ್ಕಿಬೀಳುತ್ತಿದ್ದೆ.

ಯಾಕೆಂದರೆ ಈ ಮೇಜಿನ ಅರ್ಧ ಜನ ನನಗೆ ದನಿಯಿಂದ ಗೊತ್ತು.
ಉಪ್ಪು ಕೊಡಿ ಎಂದ ಬೋಳುತಲೆ, ನಂಬರ್ ನಲವತ್ತೊಂದು,
ದುಡ್ಡು ಕಳಿಸಿದ್ದೇನೆಂದು ಹುಬ್ಬಳ್ಳಿಗೆ ನಾಲ್ಕು ಸಲ ಸುಳ್ಳು ಹೇಳಿದವನು.
ಹರಾಜಿನಲ್ಲಿ ಗುಡುಗುವ ಕೊಬ್ಬರಿ ಮಂಡಿ ಈರೇಗೌಡ
ರಾತ್ರಿ ಹತ್ತಕ್ಕೆ ದಾವಣಗೆರೆ ಆಸ್ಪತ್ರೆಗೆ ಟ್ರಂಕ್ ಕಾಲ್ ಹಾಕಿಸಿ
ಪಿಸುಗುಟ್ಟುವನು: "ಈವತ್ತಾದರೂ ಕಣ್ಣು ಬಿಟ್ಟಳಾ?"
ಅವನು ನನ್ನ ಎಡಕ್ಕೆ ಕೂತ ದಿನ
ಬೋಟಿ ಎರಡು ಸೌಟು ಹಾಕಿದೆ.
ಹೆಚ್ಚಾಯ್ತು ಎಂದು ಗುರ್ರೆಂದ.

ಆಮೇಲೆ ಆ ಬುಧವಾರ.
ಒಂದೇ ಲಾರಿಗೆ ಇಬ್ಬರು ಮಾಲೀಕರು, ಗಂಡಸಿಯ ಅಣ್ಣ ತಮ್ಮ.
ಕೋರ್ಟಿನಿಂದ ಬೇರೆ ಬೇರೆ ದಾರಿ ಹಿಡಿದು ಬಂದರೂ
ಉಳಿದಿದ್ದದ್ದು ಪಕ್ಕಪಕ್ಕದ ಎರಡು ಜಾಗ.
ಬೋಗುಣಿ ಅಣ್ಣನ ಕೈಗೆ ಬಂತು. ನಿಂತಿತು.
ಮುಳುಗಿದ ಸೌಟು ಏಳಲಿಲ್ಲ.
ಎಡಗಡೆ ತಮ್ಮನ ಖಾಲಿ ತಟ್ಟೆ.
ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟತೊಡಗಿತು,
ಹಾಸನದ ಪ್ಯಾಸೆಂಜರ್ ಕೂಗಿ ಹೊರಟಿತು,
ಹಿಡಿಯಬೇಕಾದವರೂ ಏಳಲಿಲ್ಲ.
ನನ್ನ ಬಾಯಿಂದ, ಅಭ್ಯಾಸಬಲ, ತಾನಾಗಿ ಬಂತು:
"ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?"

ಇಡೀ ಮೇಜು ನನ್ನ ಕಡೆ ತಿರುಗಿತು.
ನಲವತ್ತೊಂದರ ಬೋಳುತಲೆಯವರೆಗೆ ಕೆಂಪೇರಿತು.
ಅಣ್ಣ ಸೌಟು ಎತ್ತಿದ. ತಮ್ಮನ ಮುಖ ನೋಡದೆ
ತಳ ತಡಕಿ, ನಳಿ ಮೂಳೆ ಹುಡುಕಿ, ಬಡಿಸಿದ.
ಕೇಸು ಅದಾದ ಮೇಲೂ ಆರು ವರ್ಷ ನಡೆಯಿತು,
ಲಾರಿ ಪೊಲೀಸ್ ಠಾಣೆಯ ಹಿಂದೆ ತುಕ್ಕು ತಿಂದು
ಗುಜರಿಗೆ ಹೋಯಿತು, ಆ ಮಾತು ಬೇರೆ.

ಈರೇಗೌಡ ಮಾತ್ರ ಅರ್ಧ ಊಟಕ್ಕೆ ಎದ್ದು ಕೈ ತೊಳೆದ.
ಎಂಟು ದಿನ ಬರಲಿಲ್ಲ.
ರಾತ್ರಿಯ ಕಾಲ್ ಕೂಡ ಬರಲಿಲ್ಲ.
ಹತ್ತು ಹೊಡೆದರೆ ದಾವಣಗೆರೆ ಲೈನು ಬೇರೆಯವರಿಗೆ ಕೊಡದೆ
ಬಯ್ಸಿಕೊಂಡು ಕಾದೆ.

ಒಂಬತ್ತನೆಯ ದಿನ ನನ್ನ ಬಲಗಡೆ
ಯಾರೋ ಧಪ್ಪೆಂದು ಕೂತ ಸದ್ದು.
ಬೋಗುಣಿ ಬಂತು. ಒಂದು ಸೌಟು. ಇನ್ನೊಂದು.
"ಕಣ್ಣು ಬಿಟ್ಟಳು," ಅಂದ, ತಟ್ಟೆಗೆ ಹೇಳುವ ಹಾಗೆ.
ಹೆಚ್ಚಾಯ್ತು ಅನ್ನಲಿಲ್ಲ ನಾನು.
ಬೋಗುಣಿ ಇಸಿದುಕೊಂಡು
ಎಡಕ್ಕೆ ತಿರುಗಿದೆ.